ಕೈಗೆ ಒಳ್ಳೇದಾಗುವ ಆಟ ಹುಡುಕಬೇಡಿ

ಪುಣೆಯಲ್ಲಿದ್ದೀರಿ, 14 ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಕೈಗೆ ವ್ಯಾಯಾಮ ಆಗುವಂಥ ಆಟ ಈಜೋ ಬೋಚಾನೋ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಡೊಂಬಿವಲಿಯಲ್ಲಿ ಸಿಕ್ಕವರನ್ನೆಲ್ಲ ಪೀಡಿಸಿದ್ದೇನೆ. ನನ್ನ ಮಗನದೂ ಅದೇ ಕಥೆ. ಎರಡೂ ಕೈ ಬಿಗಿ. ಹಿಡಿದದ್ದನ್ನು ಬೇಕಾದ ಹೊತ್ತಿಗೆ ಬಿಡಲು ಆಗುವುದಿಲ್ಲ.

ಅವನು ಬೋಚಾ ನೋಡಿದ್ದು ಒಂದು ಶಿಬಿರದಲ್ಲಿ. ಒಂದು ಬಿಳಿ ಚೆಂಡು, ಆರು ಕೆಂಪು, ಆರು ನೀಲಿ. ಬಿಳಿಯದನ್ನು ಮೊದಲು ಎಸೆಯಬೇಕು, ಆಮೇಲೆ ಯಾರ ಚೆಂಡು ಅದರ ಹತ್ತಿರ ನಿಲ್ಲುತ್ತದೋ ಅವರಿಗೆ ಪಾಯಿಂಟು. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಇದೆ. ಕೈಯಲ್ಲಿ ಎಸೆಯಬಹುದು, ಕಾಲಲ್ಲಿ ಒದೆಯಬಹುದು, ಎರಡೂ ಆಗದವರು ರ‍್ಯಾಂಪ್ ಇಟ್ಟು ಉರುಳಿಸಬಹುದು. ಶಿಬಿರದವರು ರ‍್ಯಾಂಪ್ ತಂದರು. ನಾನು ಬೇಡ ಅಂದೆ.

ಯಾಕೆ ಅಂತ ಬಿಡಿಸಿ ಹೇಳಲೇಬೇಕು, ನೀವೂ ಈಗ ಅಲ್ಲೇ ನಿಂತಿದ್ದೀರಿ. ರ‍್ಯಾಂಪ್ ಇಟ್ಟರೆ ಕೈ ಸೋಮಾರಿ ಆಗುತ್ತೆ, ಎಸೆದರೆ ಬೆರಳು ಬಿಡಿಸುವ ಅಭ್ಯಾಸ ಆಗುತ್ತೆ ಅನ್ನೋದು ನನ್ನ ಲೆಕ್ಕ. ಫಿಸಿಯೋ ಹೇಳಿಕೊಟ್ಟಿದ್ದೂ ಅದೇ ಅಲ್ವಾ, ಹಿಡಿ, ಬಿಡು. ಬೆಳಿಗ್ಗೆ ಮನೆಯಲ್ಲಿ ಒಂದು ಸುತ್ತು ಹಿಡಿ-ಬಿಡು, ಸಂಜೆ ಆಟದ ಹೆಸರಲ್ಲಿ ಇನ್ನೊಂದು ಸುತ್ತು. ಅವನು ಎಸೆದ ಚೆಂಡು ಅವನ ವೀಲ್‌ಚೇರಿನ ಫುಟ್‌ರೆಸ್ಟ್ ಮೇಲೇ ಬೀಳುತ್ತಿತ್ತು. "ಭೇಷ್, ಬೆರಳು ಎಷ್ಟು ಚೆನ್ನಾಗಿ ಬಿಡಿಸಿದೆ ನೋಡು" ಅನ್ನುತ್ತಿದ್ದೆ. ಅವನ ಕಣ್ಣು ಬಿಳಿ ಚೆಂಡಿನ ಮೇಲೆ. ಪಕ್ಕದ ಹುಡುಗನ ಚೆಂಡು ಬಿಳಿಗೆ ತಾಗಿ ನಿಂತರೆ ಇಡೀ ಹಾಲ್ ಕೂಗುತ್ತಿತ್ತು, ಇವನಿಗೆ ನಾನೊಬ್ಬಳೇ ಚಪ್ಪಾಳೆ. ಆಟದಲ್ಲಿ ಗೆಲ್ಲೋ ದಾರಿ ಕಣ್ಣೆದುರಿಗೇ ಇತ್ತು, ನಾನೇ ಅದನ್ನು ಮೂಲೆಗೆ ನಿಲ್ಲಿಸಿದ್ದೆ. ಕೊನೆಗೆ ರಿಕ್ಷಾ ಹತ್ತಲ್ಲ ಅಂತ ಹಟ ಹಿಡಿದ. ಆಮೇಲೆ ಬಹಳ ಕಾಲ ಬೋಚಾ ಅಂದರೆ ಮುಖ ತಿರುಗಿಸುತ್ತಿದ್ದ. ಗೆಳೆಯರು ಸಿಗೋ ವಯಸ್ಸು ಮೊಬೈಲ್ ಮುಂದೆ ಕಳೆದುಹೋಯಿತು.

ಅದನ್ನು ಸರಿ ಮಾಡಿದ್ದು ಹುಬ್ಬಳ್ಳಿಯಿಂದ ಬಂದ ನನ್ನ ತಮ್ಮ. ಪ್ಲಂಬರ್ ಬಿಟ್ಟುಹೋಗಿದ್ದ ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಸ್ಟೂಲಿಗೆ ಕಟ್ಟಿ, ಬಿಲ್ಡಿಂಗಿನ ಪಾರ್ಕಿಂಗಲ್ಲಿ ಇಟ್ಟ. ಚೆಂಡುಗಳನ್ನು ಶಿಬಿರದವರಿಂದ ಕೇಳಿ ತಂದ. ಜೊತೆಗೆ ನಿಯಮವನ್ನೂ ಓದಿಕೊಂಡು ಬಂದಿದ್ದ. ರ‍್ಯಾಂಪ್ ಸರಿಸುವವರು ಆಟಕ್ಕೆ ಬೆನ್ನು ಹಾಕಿ ಕೂರಬೇಕಂತೆ. ತಿರುಗಿ ನೋಡುವ ಹಾಗಿಲ್ಲ, ಸಲಹೆ ಕೊಡುವ ಹಾಗಿಲ್ಲ. ಆಟಗಾರ ಹೇಳಿದಷ್ಟು ಸರಿಸಬೇಕು, ಅಷ್ಟೇ.

ಕೂತೆ. "ಎಡ... ಸ್ವಲ್ಪ... ಸಾಕು" ಅನ್ನಲು ಅವನಿಗೆ ಹೊತ್ತು ಹಿಡಿಯುತ್ತೆ. ಮನೆಯಲ್ಲಾದರೆ ಅವನ ಮಾತನ್ನು ನಾನೇ ಮುಗಿಸಿಬಿಡುತ್ತಿದ್ದೆ. ಇಲ್ಲಿ ಅವನಿಗೆ ಏನು ಬೇಕು ಅಂತ ನನಗೆ ಕಾಣಿಸುವುದೇ ಇಲ್ಲ. ಗದ್ದದಿಂದ ಚೆಂಡು ತಳ್ಳಿದ. ಬೆನ್ನ ಹಿಂದೆ ಟಪ್ ಅಂತ ಸದ್ದು. ವಾಚ್‌ಮನ್ "ಅರೇ, ಉಡವಲಾ!" ಅಂತ ಮರಾಠಿಯಲ್ಲಿ ಕೂಗಿದ. ಬಿಳಿ ಚೆಂಡಿಗೆ ಅಂಟಿ ನಿಂತಿದ್ದ ಮಾಮನ ಚೆಂಡನ್ನು ಬೇಕಂತಲೇ ಹೊಡೆದು ಓಡಿಸಿದ್ದ! ನನ್ನ ಮಗ ಇಷ್ಟು ಕಿಡಿಗೇಡಿ ಅಂತ ನನಗೇ ಗೊತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೇ ನನ್ನ ತಕರಾರು. ವ್ಯಾಯಾಮ ನಿಲ್ಲಿಸಿ ಅಂತಲ್ಲ, ಅದನ್ನು ಫಿಸಿಯೋ ನೋಡಿಕೊಳ್ಳಲಿ. ಬೇರೆ ಮಕ್ಕಳು ಕ್ರಿಕೆಟ್ ಆಡೋದು ಭುಜಕ್ಕೆ ಒಳ್ಳೇದು ಅಂತಲಾ? ಪುಣೆಯಲ್ಲಿ ಯಾರಾದರೂ ನಿಮಗೆ ಮುರಳಿಕಾಂತ್ ಪೇಟ್ಕರ್ ಉದಾಹರಣೆ ಕೊಟ್ಟೇ ಕೊಡುತ್ತಾರೆ. 1965ರ ಯುದ್ಧದಲ್ಲಿ ಗುಂಡೇಟು ತಿಂದು ಈಜಿಗೆ ಇಳಿದವರು, 1972ರಲ್ಲಿ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು. ನಿಜ. ಆದರೆ ಅದಕ್ಕೂ ಮುಂಚೆ ಅವರು ಸೇನೆಯಲ್ಲಿ ಬಾಕ್ಸರ್. ಆಟದ ಹುಚ್ಚು ಮೊದಲೇ ಇತ್ತು.

ನಿಮ್ಮ ಮಗಳಿಗೆ ನೀರು ಇಷ್ಟವಾದರೆ ಈಜಿಗೇ ಹಾಕಿ. ಕೊಳಕ್ಕೆ ಇಳಿಸೋದು ಹೇಗೆ, ಬಟ್ಟೆ ಬದಲಿಸೋ ಕೋಣೆಗೆ ವೀಲ್‌ಚೇರ್ ಹೋಗುತ್ತಾ ಅಂತ ಮೊದಲು ನೀವೇ ನೋಡಿ ಬನ್ನಿ. ಫಿಟ್ಸ್ ಬರೋದಿದ್ದರೆ ಡಾಕ್ಟರನ್ನು ಕೇಳದೆ ಇಳಿಸಬೇಡಿ.

ಬೋಚಾ ಬೇಕು ಅಂದರೆ ಪಾರ್ಕಿಂಗಲ್ಲೇ ಶುರು ಮಾಡಿ. ನಿಜವಾದ ಅಂಕಣ 12.5 ಮೀಟರ್ ಉದ್ದ, 6 ಮೀಟರ್ ಅಗಲ, ಅಷ್ಟು ಜಾಗ ಇರಲೇಬೇಕು ಅಂತೇನಿಲ್ಲ. ಬೋಚಾ ಚೆಂಡು ಸುಮಾರು 275 ಗ್ರಾಂ ತೂಗುತ್ತೆ, ಮೆತ್ತಗಿರುತ್ತೆ, ಹೋಗಿ ನಿಲ್ಲುತ್ತೆ. ಟೆನಿಸ್ ಚೆಂಡಾದರೆ ಉರುಳಿ ಕಾರಿನ ಕೆಳಗೆ ಸೇರುತ್ತೆ. ಪೈಪ್ ಸೀಳಿದ ಅಂಚಿಗೆ ಪಾಲಿಶ್ ಪೇಪರ್ ತಿಕ್ಕಿ, ಇಲ್ಲಾಂದ್ರೆ ಚರ್ಮ ಗೀರುತ್ತೆ. ಎಷ್ಟು ಮೇಲಿಂದ ಬಿಟ್ಟರೆ ಅಷ್ಟು ಜೋರು, ಆ ಅಂದಾಜು ಅವಳೇ ಮಾಡಲಿ. ಎದುರಿಗೆ ಆಡಲು ಬಿಲ್ಡಿಂಗಿನ ಅವಳ ವಯಸ್ಸಿನವರನ್ನು ಕರೆಯಿರಿ, ಅವರನ್ನೂ ಕುರ್ಚಿಯಲ್ಲಿ ಕೂರಿಸಿ. ಪಾಪ ಅಂತ ಸುಮ್ನೆ ಸೋಲುವವರು ಬೇಡ, ಅವಳಿಗೆ ತಕ್ಷಣ ಗೊತ್ತಾಗುತ್ತೆ.