ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಎರಡು ಸೈಕಲ್ ಒಯ್ಯಲು ಯಾವ ರ‍್ಯಾಕ್ ಒಳ್ಳೆಯದು? ಹೇಗೆ ಕಟ್ಟಬೇಕು?
ಎರಡೇ ಸೈಕಲ್ ಆದರೆ ಹಿಂಬಾಗಿಲಿಗೆ ಬೆಲ್ಟ್‌ನಿಂದ ಕಟ್ಟುವ ರ‍್ಯಾಕ್ ಸಾಕು. ಆದರೆ ಕೊಕ್ಕೆ ತಗಡಿನ ಅಂಚಿಗೇ ಕೂರಬೇಕು. ಮೇಲೆ ಪ್ಲಾಸ್ಟಿಕ್ ಸ್ಪಾಯ್ಲರ್ (ಹಿಂಗಾಜಿನ ಮೇಲಂಚಿನ ರೆಕ್ಕೆಯಂಥ ಪಟ್ಟಿ) ಇದ್ದರೆ ಈ ಆಸೆ ಬಿಡಿ, ಭಾರಕ್ಕೆ ಅದು ಬಿರುಕು ಬಿಡುತ್ತದೆ. ಆಗ ಉಳಿಯುವುದು ಟಾಪ್ ಮೇಲಿನ ರ‍್ಯಾಕ್. ಕಾರಿನ ಮ್ಯಾನುಯಲ್‌ನಲ್ಲಿ ಟಾಪ್‌ಗೆ ಹೇಳಿರುವ ಭಾರದ ಮಿತಿಯಲ್ಲಿ ರ‍್ಯಾಕಿನ ತೂಕವೂ ಸೇರುತ್ತದೆ. 1.5 ಮೀಟರ್ ಎತ್ತರದ ಕಾರು ಸೈಕಲ್ ಸೇರಿ ಸುಮಾರು 2.5 ಮೀಟರ್ ಆಗುವುದರಿಂದ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿಸಲೇಬೇಡಿ.

ಹಿಂಬಾಗಿಲಿಗೆ ಕಟ್ಟುವಾಗ ಪ್ಯಾಡ್ ಕೂರುವ ಜಾಗವನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಧೂಳು ಉಳಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಭಾರದ ಸೈಕಲ್ ಕಾರಿನ ಕಡೆಗಿರಲಿ, ಇನ್ನೊಂದನ್ನು ಉಲ್ಟಾ ದಿಕ್ಕಿಗೆ ತಿರುಗಿಸಿ. ಮುಂದಿನ ಚಕ್ರವನ್ನು ಫ್ರೇಮಿಗೆ ಬಿಗಿಯಿರಿ, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿ ಗಾಜಿಗೆ ಬಡಿಯುತ್ತದೆ. ನಂಬರ್ ಪ್ಲೇಟ್, ಹಿಂದಿನ ಲೈಟು ಮರೆಯಾಗಬಾರದು. ಹೊಸ ಬೆಲ್ಟ್ ಸಡಿಲವಾಗುವುದು ಸಹಜ, 10 ಕಿ.ಮೀ. ಹೋದಮೇಲೆ ನಿಲ್ಲಿಸಿ ಮತ್ತೆ ಎಳೆದು ಬಿಗಿಮಾಡಿ.