ಗೇನ್ ಇಳಿಸು, ಬೇಸ್ ಎಬ್ಬಿಸು

ನಿನ್ನ ಮೂರೂ ಕ್ಲಿಪ್ ಹೆಡ್‌ಫೋನಲ್ಲಿ ಕೇಳಿದೆ ತಮ್ಮಾ. ಗಿಟಾರ್ ಶ್ರುತಿ ‘ಸಿ’ ಸ್ವರಕ್ಕೆ ಇಳಿಸಿದೀನಿ, ಗೇನ್ (ಸದ್ದನ್ನ ಒಡೆಯುವಷ್ಟು ಉಬ್ಬಿಸೋ ಗುಂಡಿ) ಪೂರ್ತಿ ತಿರುವಿದೀನಿ, ನಾಲ್ಕು ಗಿಟಾರ್ ಟ್ರ್ಯಾಕ್ ಪೇರಿಸಿದೀನಿ, ಆದ್ರೂ ಡಬ್ಬದೊಳಗೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ ಕೇಳುತ್ತೆ, ಡೂಮ್‌ನ (ನಿಧಾನವಾದ, ಭಾರವಾದ ಮೆಟಲ್ ಸಂಗೀತ) ಆ ತೂಕ ಬರೋದೆಲ್ಲಿಂದ ಅಂತ ಕೇಳಿದೀಯ. ಮೇಲಿನ ಕಾಮೆಂಟುಗಳಲ್ಲಿ ಇಬ್ಬರು ಹೊಸ ಪೆಡಲ್ (ಗಿಟಾರ್ ಸದ್ದು ಬದಲಿಸೋ ಪೆಟ್ಟಿಗೆ) ತಗೋ ಅಂದಿದಾರೆ. ಸದ್ಯಕ್ಕೆ ಜೇಬಿಗೆ ಕೈ ಹಾಕಬೇಡ. ಮೊದಲು ಒಂದು ಆಲ್ಬಮ್ ಕೇಳು: ನ್ಯೂಯಾರ್ಕಿನ ವಿಂಟರ್ ಬ್ಯಾಂಡಿನ ‘ಇನ್‌ಟು ಡಾರ್ಕ್‌ನೆಸ್’, 1990ರದು.

ಮುಖ್ಯವಾಗಿ ಮೂರು ಜನ. ಬೇಸ್ ಗಿಟಾರ್ ಮತ್ತು ಗಾಯನ ಜಾನ್ ಆಲ್ಮನ್, ಗಿಟಾರ್ ಸ್ಟೀಫನ್ ಫ್ಲಾಮ್, ಡ್ರಮ್ಸ್ ಜೋ ಗೊನ್ಸಾಲ್ವೆಸ್. ಹೆಸರು ತಗೊಂಡಿದ್ದು ಇಂಗ್ಲೆಂಡಿನ ಪಂಕ್ ಬ್ಯಾಂಡ್ ಅಮೆಬಿಕ್ಸ್‌ನ ಹಾಡಿನಿಂದ. ಆಗ ಊರೆಲ್ಲಾ ಹಾರ್ಡ್‌ಕೋರ್, ಡೆತ್ ಮೆಟಲ್ ಅಂತ ಯಾರು ಹೆಚ್ಚು ವೇಗ ಅನ್ನೋ ಪಂದ್ಯದಲ್ಲಿತ್ತು. ಇವರು ತೇರು ಎಳೆದ ಹಾಗೆ ನುಡಿಸಿದರು. ಫ್ಯೂಚರ್ ಶಾಕ್ ಅನ್ನೋ ಸಣ್ಣ ಲೇಬಲ್ಲಲ್ಲಿ ಬಂತು, ನ್ಯೂಕ್ಲಿಯರ್ ಬ್ಲಾಸ್ಟ್ 1992ರಲ್ಲಿ ಮತ್ತೆ ತಂತು, ಬ್ಯಾಂಡ್ ಹೆಚ್ಚು ದಿನ ನಿಲ್ಲಲಿಲ್ಲ. 2011ರಲ್ಲಿ ಸದರ್ನ್ ಲಾರ್ಡ್ ಲೇಬಲ್ ಮರುಮುದ್ರಿಸಿದ ಮೇಲೆ ಒಂದಷ್ಟು ಜನ ತಿರುಗಿ ನೋಡಿದರು. ಇವತ್ತಿಗೂ ಡೂಮ್ ಅಂದ್ರೆ ಸ್ಲೀಪ್, ಎಲೆಕ್ಟ್ರಿಕ್ ವಿಝಾರ್ಡ್ ಬ್ಯಾಂಡ್‌ಗಳಷ್ಟೇ ಅನ್ನೋರೇ ಜಾಸ್ತಿ. ನನಗೆ ಅದು ಅನ್ಯಾಯ ಅನ್ಸುತ್ತೆ, ಇರಲಿ.

ಆ ಆಲ್ಬಮ್ಮಿನ ‘ಸರ್ವೆಂಟ್ಸ್ ಆಫ್ ದಿ ವಾರ್ಸ್‌ಮೆನ್’ ಹಾಡು ಹಾಕಿ, ಗಿಟಾರ್ ಬಿಟ್ಟು ಉಳಿದದ್ದಕ್ಕೆ ಕಿವಿ ಕೊಡು. ಶುಚಿಯಾದ ರೆಕಾರ್ಡಿಂಗ್ ಅಲ್ಲ ಅದು, ಕೆಸರಿನಂತಿದೆ. ಆದರೂ ಪೆಟ್ಟು ಎದೆಗೇ ಬೀಳುತ್ತೆ. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಜಾಗ ಇದೆ, ಆ ಜಾಗದಲ್ಲಿ ತಂತಿ ಸಾಯೋವರೆಗೂ ಮೊಳಗುತ್ತೆ, ಅಡಿಯಲ್ಲಿ ಬೇಸ್ ನೆಲ ಹಿಡಿದು ಕೂತಿದೆ. ನಿನ್ನ ಕ್ಲಿಪ್ಪಲ್ಲಿ ಆ ಜಾಗವೇ ಇಲ್ಲ. ಗೇನ್ ಅದನ್ನೆಲ್ಲ ತುಂಬಿಬಿಟ್ಟಿದೆ.

ಗೇನ್ ಏರಿಸಿದಾಗ ಆಗೋ ಡಿಸ್ಟಾರ್ಷನ್ ಅಂದ್ರೆ ಸದ್ದಿನ ಅಲೆಯ ತಲೆ ಕತ್ತರಿಸೋದು. ಹೆಚ್ಚು ಕತ್ತರಿಸಿದಷ್ಟೂ ಮೀಟಿದ ಮೊದಲ ಪೆಟ್ಟಿಗೂ ಆಮೇಲಿನ ನಾದಕ್ಕೂ ವ್ಯತ್ಯಾಸ ಕಮ್ಮಿ ಆಗಿ, ಎಲ್ಲ ಒಂದೇ ಮಟ್ಟದ ಗುಂಯ್ ಆಗುತ್ತೆ. ಗೇನ್ ಅರ್ಧಕ್ಕೆ ಇಳಿಸು, ಕೈಯಲ್ಲಿ ಜೋರಾಗಿ ಮೀಟು. ಒಬ್ಬನೇ ನುಡಿಸುವಾಗ ಸಪ್ಪೆ ಅನ್ಸುತ್ತೆ, ಹೆದರಬೇಡ. ಎರಡೇ ಟ್ರ್ಯಾಕ್ ಸಾಕು, ಎಡಕ್ಕೊಂದು ಬಲಕ್ಕೊಂದು. ಆದರೆ ಎರಡು ಸಲ ನುಡಿಸಬೇಕು. ಒಂದನ್ನೇ ಕಾಪಿ ಮಾಡಿ ಆ ಕಡೆ ಈ ಕಡೆ ಇಟ್ರೆ ಅಗಲ ಬರಲ್ಲ, ಸದ್ದು ಮಾತ್ರ ಏರುತ್ತೆ.

ನಿನ್ನ ತಂತಿ 9ರ ಸೆಟ್, ಅಂದ್ರೆ ತೆಳ್ಳನೆಯದು, ಅಂದಿದೀಯ. ‘ಸಿ’ಗೆ ಇಳಿಸಿದಾಗ ಅದು ಬಟ್ಟೆ ಒಣಹಾಕೋ ಹಗ್ಗ. ಜೋರಾಗಿ ಮೀಟಿದ ತಕ್ಷಣ ಶ್ರುತಿ ಮೇಲಕ್ಕೆ ಜಿಗಿದು ಆಮೇಲೆ ಕೂರುತ್ತೆ, ಎರಡು ಟ್ರ್ಯಾಕೂ ಹೀಗೆ ಜಿಗಿದರೆ ಕಲಸುಮೇಲೋಗರ. ದಪ್ಪನೆಯ 12–60 ಸೆಟ್ ಹಾಕು, ನಟ್‌ನ (ಗಿಟಾರ್ ಕತ್ತಿನ ತುದಿಯ ಪಟ್ಟಿ) ಕಚ್ಚಿನಲ್ಲಿ ತಂತಿ ಕೂರುತ್ತಾ ನೋಡು, ಇಂಟೊನೇಷನ್ (ಕತ್ತಿನುದ್ದಕ್ಕೂ ಶ್ರುತಿ ಸರಿ ಇರೋದು) ಮತ್ತೆ ಸರಿಮಾಡಿಸು. ಖರ್ಚು ಮಾಡಲೇಬೇಕು ಅಂದ್ರೆ ಇದಕ್ಕೆ ಮಾಡು.

ಈಗ ನಿಜವಾದ ವಿಷಯ, ಬೇಸ್. ಗಿಟಾರಿನ ಕೆಳಗಿನ ‘ಸಿ’ ಸುಮಾರು 65 ಹರ್ಟ್ಸ್, ಬೇಸಿನದು 33ರ ಹತ್ತಿರ. ಫೋನ್ ಸ್ಪೀಕರ್ ಅಷ್ಟು ಕೆಳಗೆ ಇಳಿಯಲ್ಲ, ನಿನ್ನ ಸ್ನೇಹಿತರು ಕೇಳೋದು ಅದರಲ್ಲೇ. ಅದಕ್ಕೆ ಬೇಸ್ ಟ್ರ್ಯಾಕನ್ನ ಎರಡು ಪ್ರತಿ ಮಾಡು. ಒಂದರಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದು ಮಾತ್ರ, ಸ್ವಚ್ಛವಾಗಿ, ಕಂಪ್ರೆಸರ್ (ಜೋರು-ಮೆಲುವಿನ ಅಂತರ ಕಮ್ಮಿ ಮಾಡೋದು) ಹಾಕಿ. ಇನ್ನೊಂದರಲ್ಲಿ ಅದಕ್ಕಿಂತ ಮೇಲಿನದು, ಫಜ್ (ಒರಟು ಡಿಸ್ಟಾರ್ಷನ್) ಹಾಕಿ ಹರಿದುಬಿಡು. ಹರಿದಾಗ ಹುಟ್ಟೋ ಮೇಲಿನ ಹಾರ್ಮೋನಿಕ್ಸ್ (ಮೂಲಸ್ವರದ ಮೇಲಿನ ಉಪಸ್ವರಗಳು) ಕೇಳಿದರೆ ಸಾಕು, ಇಲ್ಲದ ಮೂಲಸ್ವರವನ್ನ ಕಿವಿಯೇ ಊಹಿಸಿಕೊಳ್ಳುತ್ತೆ. ಎರಡನ್ನೂ ಸೇರಿಸಿದಾಗ ಸದ್ದು ತೆಳ್ಳಗಾದರೆ ಒಂದರ ಫೇಸ್ (phase) ತಿರುಗಿಸಿ, ಅಂದ್ರೆ ಅಲೆಯನ್ನ ತಲೆಕೆಳಗು ಮಾಡಿ ನೋಡು. ಗಿಟಾರಲ್ಲಿ 80 ಹರ್ಟ್ಸ್‌ನ ಕೆಳಗಿನದನ್ನ ಕತ್ತರಿಸಿ ಆ ಜಾಗ ಬೇಸಿಗೆ ಬಿಡು. ಗಿಟಾರ್ ಬಡವಾಯ್ತಲ್ಲಾ ಅಂತ ಸಂಕಟ ಆಗುತ್ತೆ; ಆಗಲಿ.

ನಾನೂ ಇದೇ ತಪ್ಪು ಮಾಡಿದವನೇ. ಗೆಳೆಯನ ಕೋಣೆಯಲ್ಲಿ ಮಾಡಿದ ಮೊದಲ ಡೆಮೊಗೆ ಆರು ಗಿಟಾರ್ ಟ್ರ್ಯಾಕ್ ಹಾಕಿದ್ದೆ. ಕೇಳಿದ ನಮ್ಮಮ್ಮ, ‘ಮಿಕ್ಸಿ ಆಫ್ ಮಾಡೋ’ ಅಂದ್ರು. ಅಂಥ ಖಚಿತ ವಿಮರ್ಶೆ ಆಮೇಲೆ ಸಿಕ್ಕಿಲ್ಲ.

ಡ್ರಮ್ಸ್ ನೀನು ಸಾಫ್ಟ್‌ವೇರಲ್ಲಿ ಮಾಡಿದ್ದು ಅಂತ ಗೊತ್ತಾಗುತ್ತೆ. 60 ಬಿಪಿಎಂ (ನಿಮಿಷಕ್ಕೆ ಬಡಿತ) ಅಂದ್ರೆ ಸೆಕೆಂಡಿಗೊಂದೇ ಬಡಿತ, ಸಣ್ಣ ಸುಳ್ಳೂ ಬಯಲಾಗುತ್ತೆ. ಪ್ರತಿ ಏಟಿನ ಜೋರು ಬೇರೆ ಬೇರೆ ಇಡು, ಸ್ನೇರ್ ಡ್ರಮ್ಮನ್ನ 10–15 ಮಿಲಿಸೆಕೆಂಡ್ ತಡಮಾಡು. ರೂಮ್ ಮೈಕಿನ (ಕೋಣೆಯ ಪ್ರತಿಧ್ವನಿ ಹಿಡಿಯೋ ಮೈಕ್) ಚಾನೆಲ್ ಇದ್ದರೆ ಧಾರಾಳವಾಗಿ ಎತ್ತು. ಕೊನೆಗೆ ಲಿಮಿಟರ್ (ಸದ್ದಿನ ತುದಿಗಳನ್ನ ಒತ್ತಿ ಹಿಡಿಯೋದು) ಹಾಕಿ ಎಲ್ಲ ಚಪ್ಪಟೆ ಮಾಡಬೇಡ, ಆಗ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಅಂದಹಾಗೆ ಬೆಂಗಳೂರಿನ ಬೆವರ್ ಸೀ ಬ್ಯಾಂಡ್ ಕೇಳಿದೀಯಾ? ಹೆಸರು ಜೋರಾಗಿ ಓದಿದರೆ ಬೈಗುಳ, ಮನೆಯಲ್ಲಿ ಹುಷಾರು. 2012ರ ಮೊದಲ ಆಲ್ಬಮ್ಮಿಗೆ ಬ್ಯಾಂಡಿನ ಹೆಸರೇ. ವಿಂಟರ್‌ನಷ್ಟು ಕತ್ತಲೆಯಲ್ಲ, ಬ್ಲಾಕ್ ಸಬ್ಬತ್ ಕಡೆ ವಾಲಿದ್ದು, ಆದರೆ ಅಲ್ಲೂ ಬೇಸ್ ಎಲ್ಲಿ ಕೂತಿದೆ ನೋಡು.

ತಂತಿ ಬದಲಾಯಿಸಿ, ಎರಡೇ ಗಿಟಾರ್ ಇಟ್ಟು ಒಂದು ನಿಮಿಷದ ಕ್ಲಿಪ್ ಇಲ್ಲೇ ಹಾಕು. ಬೇಸ್ ಟ್ರ್ಯಾಕ್ ಬೇರೆಯಾಗಿ ಕಳಿಸಿದ್ರೆ ಭಾನುವಾರ ಕೂತು ನೋಡ್ತೀನಿ.