ಎಫ್‌ಎಂ ಸ್ಟೇಷನ್ ಮಾರಾಟಕ್ಕಿದೆ ಎಂಬ ಗಾಳಿಸುದ್ದಿ: ನಿಜವೇ ಎಂದು ತಿಳಿಯುವುದು ಹೇಗೆ, ಬಾಕಿ ಬಿಲ್‌ಗಳ ಗತಿ ಏನು?

ನಿಮ್ಮ ಪ್ರಶ್ನೆಯ ಸಾರ ಇದು: ಬೆಂಗಳೂರಿನಲ್ಲಿ ನಿಮ್ಮದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಇದೆ. ಒಂದು ಖಾಸಗಿ ಎಫ್‌ಎಂ ಸ್ಟೇಷನ್‌ಗೆ ಜಿಂಗಲ್, ಪ್ರೋಮೊ ಮಾಡಿಕೊಡುತ್ತೀರಿ. ಐದು ತಿಂಗಳ ಬಿಲ್ ಬಂದಿಲ್ಲ. ಅಲ್ಲಿ ಸಂಬಳ ತಡವಾಗುತ್ತಿದೆಯಂತೆ, ಸ್ಟೇಷನ್ನನ್ನೇ ಮಾರುತ್ತಾರಂತೆ ಎಂಬ ಮಾತು ಹಬ್ಬಿದೆ. ಇದು ನಿಜವೇ, ಕೆಲಸ ಮುಂದುವರಿಸಲೇ, ಮಾರಿಬಿಟ್ಟರೆ ದುಡ್ಡಿಗೆ ಯಾರನ್ನು ಹಿಡಿಯಲಿ ಎಂದು ಕೇಳಿದ್ದೀರಿ.

ಮಾರಾಟದ ಸುದ್ದಿಯನ್ನು ಪಕ್ಕಕ್ಕಿಡಿ. ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ ಎಂಬುದು ಒಳಗಿನ ನಾಲ್ಕೈದು ಜನರಿಗೆ ಬಿಟ್ಟರೆ ಯಾರಿಗೂ ಗೊತ್ತಿರುವುದಿಲ್ಲ, ಅದು ನಿಮಗೆ ಸದ್ಯಕ್ಕೆ ಬೇಕಾಗಿಯೂ ಇಲ್ಲ. ಕಂಪನಿಯ ಕೈಯಲ್ಲಿ ನಗದು ಇದೆಯೇ ಎಂಬುದು ಮಾತ್ರ ಬೇಕು. ಅದು ಸರ್ಕಾರಿ ಪೋರ್ಟಲ್‌ಗಳಲ್ಲಿ ತಾರೀಖಿನ ಸಮೇತ ಕಾಣುತ್ತದೆ.

ನಿಮ್ಮ ಹೆಸರಿನಲ್ಲಿ ಬೇರೆಯವರು ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಿಂದ ಶುರು ಮಾಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅದನ್ನು ತೆರೆದು, ಸ್ಟೇಷನ್ ನಡೆಸುವ ಕಂಪನಿಯ ಹೆಸರಿನಲ್ಲಿ ಟಿಡಿಎಸ್, ಅಂದರೆ ನಿಮ್ಮ ಬಿಲ್ಲಿನಿಂದ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಬಿದ್ದಿದೆಯೇ ನೋಡಿ. ಬಿಲ್ಲನ್ನು ತಮ್ಮ ಲೆಕ್ಕಕ್ಕೆ ತೆಗೆದುಕೊಂಡ ದಿನವೇ ಅವರು ಟಿಡಿಎಸ್ ಕಡಿಯಬೇಕು, ನಿಮಗೆ ಹಣ ಕೊಟ್ಟ ಮೇಲಲ್ಲ. ಹಾಗಾಗಿ ಪಾವತಿಯಾಗದ ಬಿಲ್ಲಿಗೂ ಟಿಡಿಎಸ್ ಕಂಡರೆ, ಆ ಬಿಲ್ಲನ್ನು ಅವರು ಒಪ್ಪಿಕೊಂಡಿದ್ದಾರೆ ಎನ್ನಲು ಗಟ್ಟಿ ದಾಖಲೆ ಸಿಕ್ಕಿದಂತೆ. ಕೂಡಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಟಿಡಿಎಸ್ ರಿಟರ್ನ್ ಮೂರು ತಿಂಗಳಿಗೊಮ್ಮೆ ಸಲ್ಲಿಕೆಯಾಗುವುದರಿಂದ ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕ ಜುಲೈ 31ರ ಆಚೀಚೆ ಕಾಣುತ್ತದೆ. ಗಡುವು ಮುಗಿದು ವಾರಗಳಾದರೂ ಖಾಲಿ ಇದ್ದರೆ ಎರಡರಲ್ಲಿ ಒಂದು: ಬಿಲ್ ಇನ್ನೂ ಯಾರದೋ ಮೇಜಿನ ಮೇಲೇ ಇದೆ, ಇಲ್ಲವೇ ಕಡಿದ ತೆರಿಗೆ ಕಟ್ಟಲೂ ಅವರ ಬಳಿ ಹಣವಿಲ್ಲ. ಎರಡನೆಯದಾದರೆ ಸಂಕಟ ನಿಜ.

ನಂತರ ಜಿಎಸ್‌ಟಿ. ಅವರ ಜಿಎಸ್‌ಟಿ ಸಂಖ್ಯೆ ನಿಮ್ಮ ಬಿಲ್‌ನಲ್ಲೇ ಇರುತ್ತದೆ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನ ತೆರಿಗೆದಾರರ ಹುಡುಕಾಟದಲ್ಲಿ ಅದನ್ನು ಹಾಕಿದರೆ, ಲಾಗಿನ್ ಇಲ್ಲದೆಯೇ, ಯಾವ ತಿಂಗಳ ರಿಟರ್ನ್ ಯಾವ ದಿನ ಸಲ್ಲಿಸಿದರು ಎಂಬ ಪಟ್ಟಿ ಸಿಗುತ್ತದೆ. ಜಿಎಸ್‌ಟಿಆರ್-3ಬಿ ಸಾಲನ್ನೇ ನೋಡಿ. ತಿಂಗಳ ತೆರಿಗೆ ಪೂರ್ತಿ ಕಟ್ಟದೆ ಅದನ್ನು ಸಲ್ಲಿಸಲಾಗದು. ದೊಡ್ಡ ಕಂಪನಿಗೆ ಗಡುವು ಮುಂದಿನ ತಿಂಗಳ 20. ಮೊದಲು 20ಕ್ಕೆ ಸಲ್ಲುತ್ತಿದ್ದದ್ದು ಈಗ ಮುಂದಿನ ತಿಂಗಳಿಗೆ ಜಾರುತ್ತಿದ್ದರೆ ಅದು ಗುಮಾಸ್ತರ ಸೋಮಾರಿತನವಲ್ಲ, ನಗದಿನ ಕೊರತೆ. ಹಲವು ನಗರಗಳಲ್ಲಿ ಸ್ಟೇಷನ್ ಇರುವ ಕಂಪನಿಗೆ ರಾಜ್ಯಕ್ಕೊಂದು ಜಿಎಸ್‌ಟಿ ಸಂಖ್ಯೆ ಇರುತ್ತದೆ. ಎಲ್ಲ ಕಡೆ ಒಟ್ಟಿಗೆ ತಡವಾಗುತ್ತಿದೆಯೇ, ಇಲ್ಲಿ ಮಾತ್ರವೇ ಎಂದೂ ಹೋಲಿಸಬಹುದು.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಪಿಎಫ್ ದಾಖಲೆಯನ್ನು. ಇಪಿಎಫ್‌ಒ ತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ಪಾವತಿ ವಿವರ ಯಾರಿಗಾದರೂ ಕಾಣುತ್ತದೆ: ಯಾವ ತಿಂಗಳಿನದ್ದು, ಯಾವತ್ತು ಜಮೆ ಆಯಿತು, ಎಷ್ಟು ಮೊತ್ತ, ಎಷ್ಟು ಉದ್ಯೋಗಿಗಳು. ಗಡುವು ಮುಂದಿನ ತಿಂಗಳ 15. ಸಂಬಳ ತಡವಾಯಿತೆಂಬ ಮಾತನ್ನು ಯಾರು ಬೇಕಾದರೂ ಆಡಬಹುದು, ಪಿಎಫ್ ಜಮೆಯ ತಾರೀಖನ್ನು ತಿದ್ದಲಾಗದು. ಒಂದು ವರ್ಷದ ಸಾಲುಗಳನ್ನು ಬರೆದುಕೊಂಡು ಉದ್ಯೋಗಿಗಳ ಸಂಖ್ಯೆ ಹೇಗೆ ಇಳಿದಿದೆ ನೋಡಿ. ನಿಧಾನವಾಗಿ ಇಳಿದಿದ್ದರೆ ಖರ್ಚು ಕಡಿತ. ಒಂದೇ ತಿಂಗಳಲ್ಲಿ ಧಡಕ್ಕನೆ ಇಳಿದಿದ್ದರೆ ಜನರನ್ನು ತೆಗೆದಿರಬೇಕು, ಇಲ್ಲವೇ ಬೇರೆ ಕಂಪನಿಯ ಹೆಸರಿಗೆ ವರ್ಗಾಯಿಸಿರಬೇಕು. ವರ್ಗಾವಣೆ ಆಗಿದ್ದರೆ ಮಾರಾಟದ ತಯಾರಿ ಎಂದು ಅನುಮಾನಿಸಲು ಕಾರಣವಿದೆ.

ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ತಾಣದಲ್ಲಿ ಎರಡು ಕೆಲಸ ಮಾಡಿ. ಲಾಗಿನ್ ಆಗಿ ಆಸ್ತಿಯ ಮೇಲಿನ ಋಣಭಾರದ ಪಟ್ಟಿ ನೋಡಿ, ಇದು ಉಚಿತ. ಸಾಲಕ್ಕೆ ಆಸ್ತಿ ಅಡ ಇಟ್ಟರೆ ಸಾಮಾನ್ಯವಾಗಿ 30 ದಿನದೊಳಗೆ ನೋಂದಾಯಿಸಬೇಕು. ಇತ್ತೀಚೆಗೆ ಹೊಸ ಸಾಲಕೊಟ್ಟವರು ಸೇರಿದ್ದರೆ, ಅದರಲ್ಲೂ ಬ್ಯಾಂಕಿನ ಜಾಗದಲ್ಲಿ ಹಣಕಾಸು ಸಂಸ್ಥೆಯೋ ಕೆಟ್ಟ ಸಾಲ ಕೊಳ್ಳುವ ಆಸ್ತಿ ಪುನರ್ರಚನಾ ಕಂಪನಿಯೋ ಬಂದಿದ್ದರೆ, ಬ್ಯಾಂಕ್ ಕೈತೊಳೆದುಕೊಂಡಿದೆ ಎಂದರ್ಥ. ಎರಡನೆಯದು, 100 ರೂಪಾಯಿ ಕಟ್ಟಿ ಕಳೆದ ವರ್ಷದ ಲೆಕ್ಕಪತ್ರ ತೆಗೆಯಿರಿ.

ಅದರಲ್ಲಿ ನಿವ್ವಳ ನಷ್ಟ ನೋಡಿ ಗಾಬರಿಯಾಗಬೇಡಿ. ಎಫ್‌ಎಂ ಕಂಪನಿಗಳು ಹರಾಜಿನಲ್ಲಿ ಕಟ್ಟಿದ ಪ್ರವೇಶ ಶುಲ್ಕವನ್ನು 15 ವರ್ಷಕ್ಕೆ ಹಂಚಿ ಪ್ರತಿ ವರ್ಷ ಖರ್ಚು ಎಂದು ಬರೆಯುತ್ತವೆ. ಆ ಹಣ ಎಂದೋ ಹೋಗಿದೆ, ಈ ವರ್ಷ ಕೈಬಿಟ್ಟಿದ್ದಲ್ಲ. ಆದ್ದರಿಂದ ಕಾಗದದ ಮೇಲೆ ನಷ್ಟ ತೋರಿಸುವ ಸ್ಟೇಷನ್ ದಿನದ ಖರ್ಚು ಸಲೀಸಾಗಿ ತೂಗಿಸುತ್ತಿರಬಹುದು. ನೇರವಾಗಿ ಲೆಕ್ಕಪರಿಶೋಧಕರ ವರದಿಯ ಅನುಬಂಧಕ್ಕೆ ಹೋಗಿ. ಏಳನೇ ಕಲಮಿನಲ್ಲಿ ಆರು ತಿಂಗಳು ಮೀರಿದ ತೆರಿಗೆ, ಪಿಎಫ್ ಬಾಕಿ ಇರುತ್ತದೆ. ಒಂಬತ್ತನೆಯದರಲ್ಲಿ ಸಾಲದ ಕಂತು ತಪ್ಪಿದ ವಿವರ, ಹದಿನೇಳರಲ್ಲಿ ನಗದು ನಷ್ಟ, ಹತ್ತೊಂಬತ್ತರಲ್ಲಿ ಮುಂದಿನ ಒಂದು ವರ್ಷದ ಬಾಕಿ ತೀರಿಸುವ ಶಕ್ತಿ ಕಂಪನಿಗೆ ಇದೆಯೇ ಎಂಬ ಅಭಿಪ್ರಾಯ. ಪೂರೈಕೆದಾರರ ಬಾಕಿ ಎಷ್ಟು ಹಳೆಯದು ಎಂಬ ಕೋಷ್ಟಕವೂ ಟಿಪ್ಪಣಿಗಳಲ್ಲಿದೆ; ಸಣ್ಣ ಉದ್ಯಮಗಳ ಬಾಕಿ ಬೇರೆಯಾಗಿಯೇ ಬರೆದಿರುತ್ತಾರೆ. ಒಂದೇ ಕೊರತೆ: ಈ ಲೆಕ್ಕ ಹಳೆಯದು. ಮಾರ್ಚ್‌ಗೆ ಮುಗಿದ ವರ್ಷದ್ದು ಎಂಸಿಎಯಲ್ಲಿ ಸಿಗುವ ಹೊತ್ತಿಗೆ ಸಾಮಾನ್ಯವಾಗಿ ಅಕ್ಟೋಬರ್ ಕೊನೆ.

ಕಂಪನಿ ಷೇರುಪೇಟೆಯಲ್ಲಿದ್ದರೆ ಮೂರು ತಿಂಗಳಿಗೊಮ್ಮೆ ಲೆಕ್ಕ ಸಿಗುತ್ತದೆ. ಬ್ಯಾಂಕ್ ಸಾಲದ ಅಸಲು, ಬಡ್ಡಿ 30 ದಿನ ಮೀರಿ ಬಾಕಿ ಉಳಿದರೆ ಅದನ್ನೂ ಪ್ರಕಟಿಸಬೇಕು. ಆದರೆ ಗಾಳಿಸುದ್ದಿಗೆ ಕಂಪನಿ ಉತ್ತರಿಸಲಿಲ್ಲವೆಂದು ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಸುದ್ದಿಯನ್ನು ತಾನಾಗಿ ಖಚಿತಪಡಿಸುವ ಇಲ್ಲವೇ ಅಲ್ಲಗಳೆಯುವ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳಿಗೆ ಮಾತ್ರ. ರೇಡಿಯೊ ಕಂಪನಿಗಳು ಅಷ್ಟು ದೊಡ್ಡವಲ್ಲ.

ಜನ ಸಾಮಾನ್ಯವಾಗಿ ಸಂಕಟದ ಗುರುತೆಂದು ಹೇಳುವ ಕೆಲವು ಸಂಗತಿಗಳು ಗುರುತೇ ಅಲ್ಲ. ರಾತ್ರಿ ಕಾರ್ಯಕ್ರಮ ಬೇರೆ ಊರಿನಿಂದ ಬರುವುದು, ಒಂದೇ ಷೋ ಹಲವು ನಗರಗಳಲ್ಲಿ ಓಡುವುದು, ಇದಕ್ಕೆ ಖಾಸಗಿ ಎಫ್‌ಎಂಗೆ ಕೇಂದ್ರ ಸರ್ಕಾರ ಮಾಡಿದ ಮೂರನೇ ಹಂತದ ಪರವಾನಗಿ ನೀತಿಯಲ್ಲೇ ಅವಕಾಶವಿದೆ. ಆರ್‌ಜೆಗಳು ಬಿಟ್ಟು ಹೋಗುವುದು ಈ ಕ್ಷೇತ್ರದಲ್ಲಿ ಯಾವಾಗಲೂ ಇದ್ದದ್ದೇ. ಜಾಹೀರಾತು ವಿರಾಮದಲ್ಲಿ ಸ್ಟೇಷನ್ ತನ್ನದೇ ಪ್ರೋಮೊಗಳನ್ನು ತುಂಬುತ್ತಿದ್ದರೆ ಮಾತ್ರ ಸ್ವಲ್ಪ ಕಿವಿಗೊಡಿ, ಅದರಲ್ಲೂ ದಸರಾ, ದೀಪಾವಳಿ ಸಮಯದಲ್ಲಿ. ವರ್ಷದ ಒಳ್ಳೆಯ ಸಂಪಾದನೆಯ ಕಾಲದಲ್ಲೇ ವಿರಾಮ ಖಾಲಿಯಾಗಿದ್ದರೆ ಮುಂದಿನ ತಿಂಗಳುಗಳು ಇನ್ನೂ ಬಿಗಿಯಾಗಿರುತ್ತವೆ.

ಈಗ ಮಾರಾಟದ ವಿಚಾರ. ಅಂಗಡಿಯ ಬೀಗದ ಕೈ ಕೊಟ್ಟ ಹಾಗೆ ಎಫ್‌ಎಂ ಸ್ಟೇಷನ್ ಕೈಬದಲಾಯಿಸಲು ಆಗದು. ಪರವಾನಗಿ ಕೊಟ್ಟಿರುವುದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಅದರ ಪೂರ್ವಾನುಮತಿ ಇಲ್ಲದೆ ವರ್ಗಾವಣೆ ಇಲ್ಲ. ಒಂದು ನಗರದ ಒಟ್ಟು ಚಾನೆಲ್‌ಗಳಲ್ಲಿ ಶೇ 40ಕ್ಕಿಂತ ಹೆಚ್ಚು ಒಬ್ಬರ ಕೈಗೆ ಹೋಗುವಂತಿಲ್ಲ. ವಿದೇಶಿ ಪಾಲಿಗೆ ಶೇ 49ರ ಮಿತಿ. ಇದರ ಜೊತೆಗೆ ಕೊಳ್ಳುವವರನ್ನು ಹಿಂಜರಿಸುವ ಎರಡು ಲೆಕ್ಕಗಳಿವೆ. ಮೂರನೇ ಹಂತದಲ್ಲಿ ವಾರ್ಷಿಕ ಶುಲ್ಕ ಒಟ್ಟು ಆದಾಯದ ಶೇ 4 ಅಥವಾ ಆ ನಗರದ ಪ್ರವೇಶ ಶುಲ್ಕದ ಶೇ 2.5, ಯಾವುದು ಹೆಚ್ಚೋ ಅದು ಎಂದು ನಿಗದಿಯಾಯಿತು. ಪ್ರವೇಶ ಶುಲ್ಕ ದುಬಾರಿಯಾದ ಮಹಾನಗರಗಳಲ್ಲಿ ಆದಾಯ ಕುಸಿದರೂ ಶುಲ್ಕ ಒಂದು ಮಟ್ಟದ ಕೆಳಗೆ ಇಳಿಯಲಿಲ್ಲ. ಈ ನಂಟನ್ನು ಕಡಿಯಿರಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. ಇನ್ನೊಂದು ಲೆಕ್ಕ ಪರವಾನಗಿಯ ಅವಧಿಯದು. 2015ರ ಏಪ್ರಿಲ್ 1ರಿಂದ ಮೂರನೇ ಹಂತಕ್ಕೆ ಬಂದ ಹಳೆಯ ಸ್ಟೇಷನ್‌ಗಳ 15 ವರ್ಷ 2030ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉಳಿದ ವರ್ಷ ಕಡಿಮೆಯಾದಷ್ಟೂ ಬೆಲೆ ಇಳಿಯುತ್ತದೆ.

ಹಾಗಾಗಿ ಒಪ್ಪಂದ ಪ್ರಕಟವಾದರೂ ಮಾರಾಟ ಆಯಿತೆಂದು ಹೇಳಲಾಗದು. ರೇಡಿಯೊ ಸಿಟಿಯ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಕಂಪನಿ ಬಿಗ್ ಎಫ್‌ಎಂ ಅನ್ನು 1,050 ಕೋಟಿ ರೂಪಾಯಿ ಮೌಲ್ಯದಲ್ಲಿ ಕೊಳ್ಳುವ ಒಪ್ಪಂದವನ್ನು 2019ರ ಮೇನಲ್ಲಿ ಘೋಷಿಸಿತ್ತು. ಅದು ಕೈಗೂಡಲಿಲ್ಲ. ಬಿಗ್ ಎಫ್‌ಎಂ ನಡೆಸುವ ರಿಲಯನ್ಸ್ ಬ್ರಾಡ್‌ಕಾಸ್ಟ್ 2023ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, 2024ರ ಮೇನಲ್ಲಿ ಸಫೈರ್ ಮೀಡಿಯಾ ಅದನ್ನು ಕೊಳ್ಳಲು ಮುಂದಿಟ್ಟ ಯೋಜನೆಗೆ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ, ಒಪ್ಪಿಗೆ ಕೊಟ್ಟಿತು. ಮೊದಲ ಘೋಷಣೆಯಿಂದ ಅಲ್ಲಿಗೆ ಐದು ವರ್ಷ.

ನಿಮ್ಮ ಬಾಕಿ ಉಳಿಯುತ್ತದೋ ಹೋಗುತ್ತದೋ ಎಂಬುದು ಮಾರಾಟದ ಬಗೆಯ ಮೇಲೆ ನಿಂತಿದೆ. ಷೇರು ಕೈಬದಲಾದರೆ ಮಾಲೀಕರು ಮಾತ್ರ ಹೊಸಬರು, ಕಂಪನಿ ಅದೇ. ನಿಮ್ಮ ಬಿಲ್ ಹಾಗೇ ನಿಲ್ಲುತ್ತದೆ. ರೇಡಿಯೊ ವಿಭಾಗವನ್ನಷ್ಟೇ ಬೇರ್ಪಡಿಸಿ ಮಾರಿದರೆ ಯಾವ ಬಾಕಿ ಯಾರ ಪಾಲಿಗೆ ಎಂದು ಒಪ್ಪಂದದಲ್ಲಿ ಬರೆದಿರುತ್ತದೆ. ನಿಮ್ಮ ಬಾಕಿ ಯಾರ ಕಡೆ ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ದಿವಾಳಿ ಪ್ರಕ್ರಿಯೆಯ ಮೂಲಕ ಮಾರಾಟವಾದರೆ ಕಷ್ಟ. ಯೋಜನೆಗೆ ಒಪ್ಪಿಗೆ ಸಿಕ್ಕಿದ ದಿನ ಅದರಲ್ಲಿ ಸೇರದ ಹಳೆಯ ಬಾಕಿ ಎಲ್ಲ ಅಳಿದುಹೋಗುತ್ತದೆ, ಮತ್ತು ಪೂರೈಕೆದಾರರ ಪಾಲಿಗೆ ಬರುವುದು ಬಹಳ ಸಲ ಚಿಲ್ಲರೆ.

ಆದ್ದರಿಂದ ಮಾಡಬೇಕಾದ್ದನ್ನೆಲ್ಲ ಈಗಲೇ ಮಾಡಿ. ಪ್ರತಿ ಬಿಲ್, ಅದರ ಪರ್ಚೇಸ್ ಆರ್ಡರ್, ಫೈಲ್ ತಲುಪಿದ್ದಕ್ಕೆ ಬಂದ ಇಮೇಲ್, ಇವನ್ನು ಜೋಡಿಸಿ. ಒಟ್ಟು ಬಾಕಿ ಬರೆದು ಅವರ ಅಕೌಂಟ್ಸ್ ವಿಭಾಗಕ್ಕೆ ಬ್ಯಾಲೆನ್ಸ್ ಕನ್ಫರ್ಮೇಷನ್ ಕೇಳಿ. "ಸರಿ ಇದೆ" ಎಂದು ಒಂದು ಸಾಲು ಬಂದರೂ ಸಾಕು. ವಸೂಲಿ ದಾವೆಗಿರುವ ಮೂರು ವರ್ಷದ ಕಾಲಮಿತಿ ಆ ಲಿಖಿತ ಒಪ್ಪಿಗೆಯ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಅದೇ ಪತ್ರದಲ್ಲಿ ಜಿಎಸ್‌ಟಿ ವಿಷಯ ನೆನಪಿಸಿ: ಬಿಲ್ ತಾರೀಖಿನಿಂದ 180 ದಿನದೊಳಗೆ ನಿಮಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು (ತಮ್ಮ ತೆರಿಗೆಯಲ್ಲಿ ಕಳೆದುಕೊಂಡ ಮೊತ್ತವನ್ನು) ಬಡ್ಡಿ ಸಮೇತ ಅವರು ವಾಪಸ್ ಕಟ್ಟಬೇಕು. ಐದು ತಿಂಗಳ ಬಾಕಿ ಅಂದರೆ ಮೊದಲ ಬಿಲ್ ಆ ಗಡುವಿನ ಹತ್ತಿರ ಬಂದಿದೆ. ಅಕೌಂಟ್ಸ್‌ನವರಿಗೆ ಈ ಮಾತು ಬೇಗ ನಾಟುತ್ತದೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂಬ ಸರ್ಕಾರಿ ನೋಂದಣಿ, ಇದೆಯೇ? ಇದ್ದರೆ ಲಿಖಿತ ಒಪ್ಪಂದ ಏನೇ ಹೇಳಲಿ, 45 ದಿನಕ್ಕಿಂತ ಹೆಚ್ಚು ಕಾಲ ನಿಮ್ಮ ಹಣ ತಡೆಯುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿ. ಕೇಂದ್ರದ ಸಣ್ಣ ಉದ್ಯಮ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಕೆಲಸ ಮುಗಿದ ಮೇಲೆ ನೋಂದಣಿ ಮಾಡಿಸಿದರೆ ಹಳೆಯ ಬಿಲ್‌ಗಳಿಗೆ ಇದರ ಲಾಭ ಸಿಗುವುದು ಕಷ್ಟ, ಆದರೂ ಮುಂದಿನವಕ್ಕಾಗಿ ಇವತ್ತೇ ಮಾಡಿಸಿ. ದಿವಾಳಿ ಅರ್ಜಿ ಹಾಕುತ್ತೇನೆ ಎಂದು ಬೆದರಿಸಲು ಹೋಗಬೇಡಿ: ಅದಕ್ಕೆ ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು, ಅವರ ವಕೀಲರಿಗೆ ಅದು ಗೊತ್ತು.

ವಾರಕ್ಕೊಮ್ಮೆ ಎನ್‌ಸಿಎಲ್‌ಟಿ ತಾಣದಲ್ಲಿ ಕಂಪನಿಯ ಹೆಸರು ಹಾಕಿ ಪ್ರಕರಣ ಹುಡುಕಿ, ದಿವಾಳಿ ಮಂಡಳಿ ಐಬಿಬಿಐ ತಾಣದ ಸಾರ್ವಜನಿಕ ಪ್ರಕಟಣೆಗಳನ್ನೂ ನೋಡಿ. ಅರ್ಜಿ ಅಂಗೀಕಾರವಾದರೆ ಕಂಪನಿಯನ್ನು ನೋಡಿಕೊಳ್ಳಲು ಎನ್‌ಸಿಎಲ್‌ಟಿ ನೇಮಿಸುವ ಮಧ್ಯಂತರ ದಿವಾಳಿ ವೃತ್ತಿಪರರ ನೇಮಕದಿಂದ 14 ದಿನದೊಳಗೆ ಬಾಕಿಯ ಕ್ಲೇಮ್ ಕೇಳುತ್ತಾರೆ. ನಿಮ್ಮದು ಫಾರ್ಮ್ ಬಿ. ಅಲ್ಲಿನ ಉದ್ಯೋಗಿಗಳದ್ದು ಫಾರ್ಮ್ ಡಿ. ಎಷ್ಟೋ ಪೂರೈಕೆದಾರರು ಹಣ ಕಳೆದುಕೊಳ್ಳುವುದು ಇಲ್ಲೇ: ಸ್ಟೇಷನ್ ಎಂದಿನಂತೆ ಹಾಡು ಹಾಕುತ್ತಿರುತ್ತದೆ, ಏನೂ ಆಗಿಲ್ಲ ಎಂದುಕೊಂಡು ಫಾರ್ಮ್ ಕಳಿಸುವುದೇ ಇಲ್ಲ. ದಿವಾಳಿ ಪ್ರಕ್ರಿಯೆ ಶುರುವಾಯಿತೆಂಬ ಕಾರಣಕ್ಕೆ ಸರ್ಕಾರ ಪರವಾನಗಿ ರದ್ದು ಮಾಡುವಂತಿಲ್ಲ, ಚಾಲ್ತಿ ಶುಲ್ಕ ಕಟ್ಟುತ್ತಿದ್ದರೆ ಪ್ರಸಾರ ನಡೆದೇ ಇರುತ್ತದೆ.

ಕೆಲಸ ಮುಂದುವರಿಸುವುದೇ? ಪಿಎಫ್, ಜಿಎಸ್‌ಟಿ ಎರಡೂ ಹೊತ್ತಿಗೆ ಸರಿಯಾಗಿ ಕಟ್ಟಿದ್ದರೆ ಮುಂದುವರಿಸಿ, ಹಳೆಯ ಬಿಲ್ಲೊಂದು ಬಂದ ಮೇಲೆ ಹೊಸ ಫೈಲ್ ಎಂಬ ಕಟ್ಟು ಹಾಕಿಕೊಳ್ಳಿ. ಎರಡೂ ಜಾರುತ್ತಿದ್ದರೆ ಮುಂಗಡ ಇಲ್ಲದೆ ಒಂದು ಪ್ರೋಮೊವನ್ನೂ ಕಳಿಸಬೇಡಿ. ಕೇಳಿಸಿ ಒಪ್ಪಿಗೆ ಪಡೆಯಲು ವಾಟರ್‌ಮಾರ್ಕ್ ಹಾಕಿದ ಎಂಪಿ3 ಸಾಕು, ಪ್ರಸಾರಕ್ಕೆ ಬೇಕಾದ ವೇವ್ ಫೈಲ್ ಹಣ ಬಂದ ಮೇಲೆ. ದಿವಾಳಿ ಪ್ರಕ್ರಿಯೆ ಶುರುವಾದ ಮೇಲೆ ಮಾಡುವ ಕೆಲಸದ ಲೆಕ್ಕ ಮಾತ್ರ ಬೇರೆ. ಆ ತಾರೀಖಿನ ನಂತರದ ಬಿಲ್ ಪ್ರಕ್ರಿಯೆಯ ಖರ್ಚಿಗೆ ಸೇರುತ್ತದೆ, ಬ್ಯಾಂಕುಗಳ ಪಾಲಿಗಿಂತ ಮೊದಲು ಅದನ್ನು ತೀರಿಸಬೇಕು. ಅದಕ್ಕೆ ವೃತ್ತಿಪರರ ಸಹಿಯಿರುವ ಹೊಸ ಆರ್ಡರ್ ಪಡೆದು, ಹೊಸ ಸಂಖ್ಯೆಯಲ್ಲಿ ಬಿಲ್ ಮಾಡಿ; ಹಳೆಯ ಬಾಕಿಯ ಒಂದು ರೂಪಾಯಿಯನ್ನೂ ಅದರಲ್ಲಿ ಬೆರೆಸಬೇಡಿ.